ಕೈ ಮುಗಿದು ನಿಂತ ಕೆಂಪಣ್ಣ

ಹೊನ್ನಪ್ಪನ ಗಾಳಿ ಗೊಂಬೆಗಳಿಗೆ ಮೀಸೆ ಇರುತ್ತಿತ್ತು. ಬೆಂಗಳೂರಿನಿಂದ ಬಾಡಿಗೆಗೆ ಬರುವ ಗೊಂಬೆಗಳು ಯಾವ ಸೀಮೆಯವೋ ಏನೋ ಅನ್ನುವಂತೆ ಹಲ್ಲು ಕಿರಿದುಕೊಂಡು ಬಂದರೆ, ಪಾಂಡವಪುರದ ಹೊನ್ನಪ್ಪ ಟೈಲರ್ ಹೊಲಿದ ಗೊಂಬೆ ತಲೆಗೆ ಹಸಿರು ಟವೆಲು ಸುತ್ತಿ, ಹಣೆಗೆ ಕುಂಕುಮ ಇಟ್ಟುಕೊಂಡು, ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಬೆಲೆ ಕಟ್ಟುವ ಯಜಮಾನನ ಗತ್ತಿನಲ್ಲಿ ಎದ್ದು ನಿಲ್ಲುತ್ತಿತ್ತು. ಎದ್ದು ನಿಂತ ಮೇಲೆ ಮಾತ್ರ ಯಜಮಾನಿಕೆಯೆಲ್ಲ ಮರೆತು ಸೊಂಟ ಮುರಿದುಕೊಂಡು ಕುಣಿಯುತ್ತಿತ್ತು.

ಮೂವತ್ತು ವರ್ಷ ಶಾಲೆ ಮಕ್ಕಳ ಯೂನಿಫಾರಂ ಹೊಲಿದ ಕೈ ಅದು. ಯೂನಿಫಾರಂ ರೆಡಿಮೇಡ್ ಬರತೊಡಗಿದ ಮೇಲೆ ಮಿಷನ್ನು ಮೂಲೆ ಸೇರಿತ್ತು. ಒಂದು ದಿನ ಶಾಮಿಯಾನದವರು ಹರಿದ ಗೊಂಬೆಯೊಂದನ್ನು ತಂದು, ಹೊಲಿದುಕೊಡಣ್ಣ ಅಂದರು. ಅಂಗಡಿಯ ತುಂಬ ಅದನ್ನು ಬಿಚ್ಚಿ ಹರಡಿದಾಗ ಹೊನ್ನಪ್ಪನಿಗೆ ಅದರ ಗುಟ್ಟು ತಿಳಿಯಿತು. ಕಾಲಿನ ಕಡೆಯಿಂದ ಫ್ಯಾನು ಗಾಳಿ ತುಂಬುತ್ತದೆ. ನೆತ್ತಿಯಲ್ಲೂ ಕೈತುದಿಗಳಲ್ಲೂ ಬಿಟ್ಟಿರುವ ಕಂಡಿಗಳಿಂದ ಆ ಗಾಳಿ ಹೊರಕ್ಕೆ ನುಗ್ಗುತ್ತದೆ. ತುಂಬುವುದಕ್ಕೂ ಸೋರುವುದಕ್ಕೂ ನಡೆಯುವ ಜಗಳವೇ ಗೊಂಬೆಯ ಕುಣಿತ.

"ನಮ್ಮಿಬ್ಬರ ಸಂಸಾರ ಇದ್ದಂಗೇ ಅದೆ ಕಣೇ," ಎಂದು ಅವನು ಹೆಂಡತಿ ಪಾರ್ವತಮ್ಮನಿಗೆ ಹೇಳಿದ.

"ಊ ಮತ್ತೆ. ತುಂಬೋಳು ನಾನು, ಸೋರೋನು ನೀನು," ಎಂದಳು ಪಾರ್ವತಮ್ಮ.

ಆಮೇಲೆ ಅವನೇ ನಾಲ್ಕು ಗೊಂಬೆ ಹೊಲಿದ. ಒಂದೊಂದಕ್ಕೂ ಪಾರ್ವತಮ್ಮ ಹೆಸರಿಟ್ಟಳು. ಕೆಂಪು ಬಟ್ಟೆಯ ದೊಡ್ಡವನು ಕೆಂಪಣ್ಣ. ಶ್ರೀರಂಗಪಟ್ಟಣದ ಐಸ್‌ಕ್ರೀಂ ಅಂಗಡಿ, ಅರಕೆರೆಯ ಚಿಕನ್ ಸೆಂಟರು, ನಾಗಮಂಗಲದ ಟೈಲ್ಸ್ ಅಂಗಡಿ, ಎಲ್ಲೇ ಹೊಸ ಬಾಗಿಲು ತೆರೆದರೂ ಗಂಡ ಹೆಂಡಿರಿಬ್ಬರೂ ಲಗೇಜ್ ಆಟೋದಲ್ಲಿ ಗೊಂಬೆ, ಫ್ಯಾನು, ಏಣಿ, ಬುತ್ತಿ ಹೇರಿಕೊಂಡು ಹೊರಡುವುದು ರೂಢಿಯಾಯಿತು.

ಹೆಸರು ಬಂದ ದಾರಿಯಲ್ಲೇ ಅಪವಾದವೂ ಬಂತು. ಎರಡು ವರ್ಷದ ಹಿಂದೆ ಕೆ.ಆರ್. ಪೇಟೆಯ ಒಂದು ಮೊಬೈಲ್ ಅಂಗಡಿಯ ಆರಂಭದಲ್ಲಿ, ರಿಬ್ಬನ್ನಿಗೆ ಕತ್ತರಿ ಇಡುವ ಗಳಿಗೆಗೆ ಸರಿಯಾಗಿ ಕರೆಂಟು ಹೋಯಿತು. ಕುಣಿಯುತ್ತಿದ್ದ ಗೊಂಬೆ ಉಸಿರು ಬಿಟ್ಟು, ಕತ್ತರಿ ಹಿಡಿದು ನಿಂತಿದ್ದ ಹಿರಿಯರ ಮೇಲೆ ಕಂಬಳಿ ಹೊದಿಸಿದಂತೆ ಮಗುಚಿಕೊಂಡಿತು. ಆ ಅಂಗಡಿ ದೀಪಾವಳಿ ಕಾಣದೆ ಮುಚ್ಚಿತು. ಎದುರಿಗೇ ಅದರ ಎರಡರಷ್ಟು ದೊಡ್ಡ ಅಂಗಡಿ ಬಂದದ್ದು ಅದಕ್ಕೆ ಕಾರಣ. ಆದರೆ ಅಷ್ಟು ಸಪ್ಪೆ ಕಾರಣ ಯಾರಿಗೆ ಬೇಕು? ದೀಪ ಹಚ್ಚುವ ಮುಂಚೆ ಗೊಂಬೆ ಬಿದ್ದರೆ ಅಂಗಡಿಯೂ ಬಿದ್ದ ಹಾಗೇ ಎಂಬ ಮಾತು ಹುಟ್ಟಿ, ಬಸ್ಸು ಹತ್ತಿ, ಎಲ್ಲ ತಾಲ್ಲೂಕನ್ನೂ ಸುತ್ತಿ ಬಂತು. ಅವತ್ತಿನಿಂದ ಹೊನ್ನಪ್ಪ ಜನರೇಟರ್ ಇಲ್ಲದೆ ಹೊಸಿಲು ದಾಟುತ್ತಿರಲಿಲ್ಲ.

ಹೊಣಕೆರೆಯಿಂದ ಉಮ ಎಂಬ ಹೆಣ್ಣುಮಗಳು ಫೋನು ಮಾಡಿದಾಗ ಮೊದಲು ಕೇಳಿದ್ದೂ ಅದನ್ನೇ.

"ಅಣ್ಣ, ನಿಮ್ಮ ಗೊಂಬೆ ಬೀಳಕಿಲ್ಲ ತಾನೆ? ನಮ್ಮ ಮಾವ ಕೇಳ್ತಾವ್ರೆ."

"ಬೀಳಕಿಲ್ಲ ಕಣವ್ವ. ನಾನು ಬಿದ್ರೂ ಅದು ಬೀಳಕಿಲ್ಲ," ಎಂದ ಹೊನ್ನಪ್ಪ.

ಉಮ ಮನೆಯ ಮುಂದಿನ ಕೋಣೆಯಲ್ಲಿ ಮರದ ಗಾಣ ಹಾಕಿಸಿದ್ದಳು. ಕಡಲೆಕಾಯಿ, ಎಳ್ಳು, ಕೊಬ್ಬರಿ ತಂದರೆ ಕಣ್ಣೆದುರಿಗೇ ಎಣ್ಣೆ ತೆಗೆದು ಕೊಡುವ ಅಂಗಡಿ. ಎರಡು ವರ್ಷದಿಂದ ಅದೇ ಧ್ಯಾನ. ತುಮಕೂರಿನ ಕಡೆ ಹೋಗಿ ತಿಂಗಳಿದ್ದು ಕೆಲಸ ಕಲಿತಿದ್ದಳು, ಮೋಟಾರು ಬಿಚ್ಚಿ ಜೋಡಿಸುವುದು ಕೂಡ ಬರುತ್ತಿತ್ತು. ಗಂಡ ರಾಮು ಬಾಯಿ ಸತ್ತ ಮನುಷ್ಯ, ಹೆಂಡತಿ ಹೇಳಿದ್ದಕ್ಕೆ ಹೂಂ ಅನ್ನುವುದರಲ್ಲೇ ಸುಖವಾಗಿದ್ದ. ಮಾವ ಚಿಕ್ಕಸಿದ್ದಯ್ಯನದೇ ತೊಡಕು. ಹಲ್ಲಿ ಲೊಚಗುಟ್ಟಿದರೆ ಎದ್ದ ಕಾಲನ್ನು ಹಿಂದಕ್ಕೆ ಇಡುವ, ಬೆಕ್ಕು ಅಡ್ಡ ಬಂದರೆ ಹತ್ತಿದ ಬಸ್ಸು ಇಳಿಯುವ ಆಸಾಮಿ. ಆಷಾಢ ಹಿಡಿಯುವ ಮುಂಚೆ ಒಳ್ಳೆಯದು ಅಂತ ಇದ್ದದ್ದು ಬುಧವಾರ ಒಂದೇ ದಿನ, ಅದರಲ್ಲೂ ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಎಂದು ಗೊತ್ತು ಮಾಡಿಸಿದ್ದವನೂ ಅವನೇ.

ಗಂಡ ಹೆಂಡಿರು ಮಂಗಳವಾರ ಮಧ್ಯಾಹ್ನವೇ ಹೊಣಕೆರೆ ಸೇರಿದರು. ಆಟೋದಿಂದ ಗೊಂಬೆಯ ಗಂಟು ಇಳಿಸುತ್ತಿರುವಾಗ ರಸ್ತೆಯ ಆಚೆ ಬದಿಯ ಜಗಲಿಯಿಂದ ಒಂದು ದನಿ ಬಂತು.

"ಏನಯ್ಯಾ ಅದು, ಅಷ್ಟೊಂದು ಬಟ್ಟೆ? ಸೀರೆ ಯಾಪಾರವಾ?"

ಗೋಡೆಗೆ ಒರಗಿ, ಕಾಲು ನೀಡಿಕೊಂಡು ಕೂತಿದ್ದ ಮುದುಕಿ. ಹೆಸರು ಚಿಕ್ಕಬೋರಮ್ಮ. ವಯಸ್ಸು ತೊಂಬತ್ತೋ ತೊಂಬತ್ತೆರಡೋ, ಅವಳಿಗೂ ಗೊತ್ತಿರಲಿಲ್ಲ.

"ಗೊಂಬೆ ಕಣವ್ವ. ಎದ್ದು ಕುಣೀತದೆ."

"ಸುಳ್ಳಾಡ್ಬ್ಯಾಡ, ಊಟ ಮಾಡೋ ಹೊತ್ತು."

ಹೊನ್ನಪ್ಪನಿಗೆ ಹುರುಪು ಬಂತು. ಫ್ಯಾನು ಜೋಡಿಸಿ ಒಂದು ಗಳಿಗೆ ಗಾಳಿ ಬಿಟ್ಟ. ನೆಲದಲ್ಲಿ ಮುದುಡಿ ಬಿದ್ದಿದ್ದ ಕೆಂಪಣ್ಣ ಕಾಲು ಕೊಡವಿ, ಎದೆ ಉಬ್ಬಿಸಿ, ಹದಿನೈದು ಅಡಿ ಎದ್ದು ಎರಡೂ ಕೈ ಮುಗಿಲಿಗೆ ಎಸೆದ. ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಹಲ್ಲಿಲ್ಲದ ಬಾಯಿಯ ಆ ನಗು ನೋಡಿ ಹೊನ್ನಪ್ಪನಿಗೆ ತನ್ನ ಹೊಲಿಗೆಗೆ ಇಷ್ಟು ದಿನ ಸಿಕ್ಕ ಕೂಲಿಯೆಲ್ಲ ಸಪ್ಪೆ ಅನ್ನಿಸಿತು.

"ಎಲಾ ಇವುನಾ! ನೋಯಕ್ಕೆ ಮಂಡಿ ಇಲ್ವಲ್ಲ, ಕುಣೀತಾನೆ ಬುಡು," ಎಂದಳು ಚಿಕ್ಕಬೋರಮ್ಮ.

ಅಷ್ಟರಲ್ಲಿ ಒಳಗಿನಿಂದ ಅವಳ ಮಗ ಸಿದ್ದರಾಜು ಹೊರಗೆ ಬಂದ. ಐವತ್ತೈದರ ಆಸುಪಾಸಿನ ಗಟ್ಟಿಮುಟ್ಟು ಆಳು. ಗೊಂಬೆಯನ್ನು ನೋಡಿದ, ಉಮಳನ್ನು ನೋಡಿದ, ಕಂಡೂ ಕಾಣದವನಂತೆ ಮುಖ ತಿರುಗಿಸಿ ಹಾಲಿನ ಕ್ಯಾನು ಎತ್ತಿಕೊಂಡು ಡೇರಿಯ ಕಡೆ ಹೋದ.

"ಮೂರು ವರ್ಷ ಆಯ್ತು ಕಣಕ್ಕ, ಮಾತು ಬುಟ್ಟು," ಎಂದು ಉಮ ಆಮೇಲೆ ಪಾರ್ವತಮ್ಮನ ಹತ್ತಿರ ಹೇಳಿಕೊಂಡಳು. ಉಮಳ ಮಗಳ ನಾಮಕರಣಕ್ಕೆ ಊರಿಗೆಲ್ಲ ಕುಂಕುಮ ಹಿಡಿದು ಮನೆ ಬಾಗಿಲಿಗೆ ಹೋಗಿ ಕರೆದಿದ್ದರು. ಸಿದ್ದರಾಜುವಿನ ಮನೆಯೊಂದಕ್ಕೆ ಮಾತ್ರ ಫೋನಿನಲ್ಲಿ ಹೇಳಿದರು. ಎದುರು ಮನೆಯವರು, ನಮ್ಮವರೇ, ಅವರಿಗೆಂಥ ಉಪಚಾರ ಅಂದುಕೊಂಡಿದ್ದರು. "ರೋಡು ದಾಟಕ್ಕೆ ಕಾಲಿರ್ಲಿಲ್ವಾ ಇವರಿಗೆ?" ಎಂದು ಅವನು ನಡುಬೀದಿಯಲ್ಲಿ ನಿಂತು ಕೇಳಿದ್ದೇ ಕೊನೆಯ ಮಾತು. ಈ ಸಲ ಉಮ ಮೊಟ್ಟಮೊದಲು ಅವನ ಬಾಗಿಲಿಗೇ ಹೋಗಿದ್ದಳು. ಅವನು ಒಳಗೆ ಹೋಗಿಬಿಟ್ಟ. ಕುಂಕುಮ ಇಡಿಸಿಕೊಂಡವಳು ಮುದುಕಿ.

ಇಂಥ ಮುನಿಸು ನಮ್ಮ ಕಡೆ ಹೊಸದಲ್ಲ. ಹೊಲ ಹೋದರೂ ಜನ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಕರೆಯುವ ರೀತಿಯಲ್ಲಿ ಕರೆಯಲಿಲ್ಲ ಅಂದರೆ ಮೂರು ತಲೆಮಾರು ಮುಖ ನೋಡುವುದಿಲ್ಲ.

ಬುಧವಾರ ಬೆಳಗ್ಗೆ ಎಂಟಕ್ಕೆಲ್ಲ ಗಾಣದ ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ ಏರಿದವು. ಹಿತ್ತಲಲ್ಲಿ ಇನ್ನೂರು ಜನಕ್ಕೆ ಅನ್ನ ಸಾರು, ಪಾಯಸ ಬೇಯುತ್ತಿತ್ತು. ಬರುವವರಿಗೆ ದೂರದಿಂದಲೇ ಕಾಣಲಿ ಎಂದು ಚಿಕ್ಕಸಿದ್ದಯ್ಯ ಅವಸರ ಮಾಡಿದ್ದರಿಂದ ಹೊನ್ನಪ್ಪ ಕೆಂಪಣ್ಣನನ್ನು ಎಬ್ಬಿಸಿ ನಿಲ್ಲಿಸಿದ. ಒಳ್ಳೆಯ ಎಳೆಬಿಸಿಲು. ಎದುರು ಜಗಲಿಯಲ್ಲಿ ಚಿಕ್ಕಬೋರಮ್ಮ ಕಾಫಿ ಲೋಟ ಹಿಡಿದು, ನಿನ್ನೆಯ ಜಾಗದಲ್ಲೇ ಕೂತು ನೋಡುತ್ತಿದ್ದಳು. ಹೊನ್ನಪ್ಪ ಕೈ ಬೀಸಿದ. ಅವಳೂ ಲೋಟ ಎತ್ತಿ ತೋರಿಸಿದಳು.

ಆಮೇಲೆ ಅವನಿಗೆ ಕೆಲಸ ಬಂತು. ಹಗ್ಗ ಬಿಗಿಯಬೇಕು, ಜನರೇಟರಿಗೆ ಪೆಟ್ರೋಲು ಹಾಕಬೇಕು. ಮತ್ತೆ ತಲೆ ಎತ್ತಿದಾಗ ಮುದುಕಿ ಗೋಡೆಗೆ ಒರಗಿದಂತೆಯೇ ಇದ್ದಳು, ಮುಖ ಗೊಂಬೆಯ ಕಡೆಗೇ ಇತ್ತು, ಲೋಟ ಮಡಿಲಲ್ಲಿ ವಾಲಿತ್ತು. ಬಿಸಿಲಿಗೆ ಮಂಪರು ಹತ್ತಿದೆ ಅಂದುಕೊಂಡ. ಲೋಟ ತೆಗೆದುಕೊಳ್ಳಲು ಬಂದ ಮುದುಕಿಯ ಸೊಸೆ ಒಂದು ಸಲ ಕರೆದಳು, ಎರಡು ಸಲ ಕರೆದಳು, ಮೂರನೆಯ ಸಲಕ್ಕೆ ಬೀದಿಯೇ ನಡುಗುವಂತೆ ಕೂಗಿದಳು.

ಉಮಳ ಮನೆಗೆ ಬಂದಿದ್ದ ಜನವೆಲ್ಲ ರಸ್ತೆ ದಾಟಿತು. ಸಿದ್ದರಾಜು ಅವ್ವನ ಪಾದ ಹಿಡಿದು ಕುಸಿದಿದ್ದ. ಯಾರೋ ಒಬ್ಬಳು ಅಳುತ್ತಲೇ, "ಗೊಂಬೆ ನೋಡ್ತಾ ನೋಡ್ತಾನೇ ಜೀವ ಬುಟ್ಟವ್ಳಲ್ಲಪ್ಪೋ," ಅಂದುಬಿಟ್ಟಳು. ಆ ಮಾತಿಗೆ ಅಷ್ಟೂ ತಲೆಗಳು ಈ ಕಡೆ ತಿರುಗಿದವು. ಸಿದ್ದರಾಜುವಿನದೂ ತಿರುಗಿತು. ಲೋಕದ ಸುಖ ದುಃಖ ಒಂದೂ ಅರಿಯದ ಕೆಂಪಣ್ಣ ಸೊಂಟ ಬಳುಕಿಸಿ, ಕೈ ಎಸೆದು, ಸಾವಿನ ಮನೆಯ ಮುಂದೆ ಕುಣಿಯುತ್ತಲೇ ಇದ್ದ.

ಹೊನ್ನಪ್ಪ ಓಡಿ ಹೋಗಿ ಸ್ವಿಚ್ಚಿಗೆ ಕೈ ಹಾಕಿದ. ಚಿಕ್ಕಸಿದ್ದಯ್ಯ ಅವನ ಮಣಿಕಟ್ಟು ಹಿಡಿದುಕೊಂಡ.

"ಆರಿಸ್ಬ್ಯಾಡ! ದೀಪ ಹಚ್ಚಿಲ್ಲ, ಏನಿಲ್ಲ. ಈಗ ಬಿದ್ರೆ ನನ್ನ ಸೊಸೆ ಅಂಗ್ಡಿ ಬಿದ್ದಂಗೇ."

"ಬೀದೀಲಿ ಸಾವಾಗೈತೆ ಕಣಣ್ಣ! ಇದು ಕುಣೀತಾ ಇದ್ರೆ ಜನ ಉಗಿಯಕಿಲ್ವಾ?"

"ಕುಣೀಲೂ ಬಾರ್ದು, ಬೀಳ್ಲೂ ಬಾರ್ದು. ಏನಾರ ಮಾಡು."

ಹೊನ್ನಪ್ಪ ಉಮಳ ಕಡೆ ನೋಡಿದ. ಹೊಸ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ನಿಂತಿದ್ದ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮುದುಕಿ ಹೋದದ್ದಕ್ಕೂ ಅತ್ತಿದ್ದಳು, ತನ್ನ ಗಾಣಕ್ಕೂ ಹೆದರಿದ್ದಳು. ಇವತ್ತು ಬಾಗಿಲು ತೆರೆಯದಿದ್ದರೆ ಇನ್ನೊಂದು ತಿಂಗಳ ಮೇಲೆ. ತೆರೆದರೂ, ಸಾವಿನ ಮನೆ ಮುಂದೆ ಗೊಂಬೆ ಕುಣಿಸಿದವಳು ಎಂಬ ಹೆಸರು ಹೊತ್ತವಳ ಅಂಗಡಿಯ ಮೆಟ್ಟಿಲು ಆ ಊರಿನಲ್ಲಿ ಯಾರು ಹತ್ತುತ್ತಾರೆ?

"ಸೂಜಿಗೆ ದಾರ ಪೋಣಿಸೇ," ಎಂದ ಹೊನ್ನಪ್ಪ ಹೆಂಡತಿಗೆ.

ಪಾರ್ವತಮ್ಮ ಯಾಕೆ ಏನು ಎಂದು ಕೇಳಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಗಂಡನ ಯಾವ ದನಿಗೆ ಎದುರು ಮಾತಾಡಬೇಕು, ಯಾವ ದನಿಗೆ ಕೂಡದು ಎಂದು ಅವಳಿಗೆ ತಿಳಿದಿತ್ತು. ಏಣಿ ಎತ್ತಿ ನಿಲ್ಲಿಸಿ ಅವನು ಹತ್ತಿದ. ಮೊದಲ ಸುತ್ತಿಗೇ ಕೆಂಪಣ್ಣ ಅವನ ಕೆನ್ನೆಗೆ ಒಂದು ಬಿಟ್ಟ. ಎರಡನೆಯ ಏಟಿಗೆ ಕನ್ನಡಕ ಕೆಳಗೆ ಹೋಯಿತು. "ಇಡ್ಕಳಿ ಅಣ್ಣ!" ಎಂದು ರಾಮು ಜೀವಮಾನದಲ್ಲೇ ಮೊದಲ ಸಲ ಜೋರಾಗಿ ಕೂಗಿ, ಗೊಂಬೆಯ ಸೊಂಟ ತಬ್ಬಿ ಹಿಡಿದ. ಹೊನ್ನಪ್ಪ ಅಡ್ಡಾಡುತ್ತಿದ್ದ ಎರಡು ಕೈಗಳನ್ನೂ ಹಿಡಿದು, ತುದಿಯ ಕಂಡಿಗಳನ್ನು ಮಡಿಚಿ, ಒಂದಕ್ಕೊಂದು ಸೇರಿಸಿ ಹೊಲಿದ. ಆ ಜೋಡಿ ಕೈಯನ್ನು ಎದೆಯ ಮೇಲೆ ಇಟ್ಟು ನಾಲ್ಕು ಹೊಲಿಗೆ ಹಾಕಿದ. ಇನ್ನೊಂದು ಮೆಟ್ಟಿಲು ಹತ್ತಿ ನೆತ್ತಿಯ ಕಂಡಿಯನ್ನು ಮುಕ್ಕಾಲು ಭಾಗ ಮುಚ್ಚಿದ, ಕಾಲು ಭಾಗ ಹಾಗೇ ಬಿಟ್ಟ. ಕನ್ನಡಕವಿಲ್ಲದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಬೆರಳೇ ನೋಡಿಕೊಂಡು ಹೊಲಿಯಿತು.

ಗಾಳಿಗೆ ಸೋರುವ ದಾರಿ ಹೆಚ್ಚುಕಮ್ಮಿ ತಪ್ಪಿತು. ರಾಮು ಮೆಲ್ಲಗೆ ಕೈ ಬಿಟ್ಟ. ಕೆಂಪಣ್ಣ ಒಂದು ಸಲ ನಡುಗಿ ಸ್ಥಿರವಾದ. ನೆತ್ತಿಯಲ್ಲಿ ಬಿಟ್ಟಿದ್ದ ಕಾಲು ಕಂಡಿಯಿಂದ ಗಾಳಿ ಸೋರಿ ತಲೆ ಮಾತ್ರ ಮುಂದಕ್ಕೆ ಬಾಗಿತು. ಮೀಸೆ ಹೊತ್ತ, ಟವೆಲು ಸುತ್ತಿದ ಹದಿನೈದಡಿಯ ಆ ಯಜಮಾನ, ಎದುರು ಜಗಲಿಯ ಕಡೆ ತಲೆ ತಗ್ಗಿಸಿ, ಎದೆಯ ಮೇಲೆ ಕೈ ಮುಗಿದು ನಿಂತ.

ಬೀದಿಯ ಗುಜುಗುಜು ನಿಂತುಹೋಯಿತು. ಸಿದ್ದರಾಜು ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಹೋದ.

ಹುಣಸೂರಿನಿಂದ ಮುದುಕಿಯ ಮಗಳು ಬರಬೇಕಿತ್ತು, ಅವಳು ಬರುವುದರೊಳಗೆ ಹೆಣ ಎತ್ತುವಂತಿರಲಿಲ್ಲ. ಹೆಣ ಎತ್ತುವ ತನಕ ಬೀದಿಯಲ್ಲಿ ಶುಭದ ದೀಪ ಹಚ್ಚುವಂತಿರಲಿಲ್ಲ. ಒಂಬತ್ತೂ ಮುಕ್ಕಾಲು ಬಂದು ಹೋಯಿತು. ಉಮ ಮುಡಿದ ಹೂವು ತೆಗೆದಿಟ್ಟು, ರಸ್ತೆ ದಾಟಿ ಹೋಗಿ ಮುದುಕಿಯ ಕಾಲಿಗೆ ತಲೆ ಮುಟ್ಟಿಸಿ ಬಂದಳು. ಸಿದ್ದರಾಜು ಸರಿದು ದಾರಿ ಕೊಟ್ಟನೇ ಹೊರತು ಮಾತಾಡಲಿಲ್ಲ. ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಬಂದ ನೆಂಟರು ಹಸಿದಿರುತ್ತಾರೆ ಎಂದು ಅವಳು ಅನ್ನ ಸಾರಿನ ಹಂಡೆಗಳನ್ನು ಆ ಕಡೆಗೇ ಸಾಗಿಸಿದಳು. ಪಾಯಸದ ಪಾತ್ರೆಗೆ ಮಾತ್ರ ಮುಚ್ಚಳ ಹಾಕಿ ಹಿತ್ತಲಲ್ಲೇ ಇಟ್ಟಳು. ಬಡಿಸುವುದಕ್ಕೆ ಪಾರ್ವತಮ್ಮ ಸೆರಗು ಕಟ್ಟಿ ನಿಂತಳು, ಅವಳಿಗೆ ಯಾವ ಊರಾದರೂ ತನ್ನೂರೇ.

ಹೊನ್ನಪ್ಪ ಫ್ಯಾನಿನ ಪಕ್ಕ ಕಲ್ಲಿನ ಮೇಲೆ ಕೂತುಬಿಟ್ಟ. ನಿನ್ನೆ ನಕ್ಕ ಮುದುಕಿಯ ಬಾಯಿ ಕಣ್ಣ ಮುಂದೆ ಬರುತ್ತಿತ್ತು. ಬೆಳಗ್ಗೆ ಕೈ ಬೀಸಿದ ಮೇಲೆ ಇನ್ನೊಂದು ಸಲ ತಿರುಗಿ ನೋಡಿದ್ದರೆ ಆಗುತ್ತಿತ್ತು ಅನ್ನಿಸಿ ಸಂಕಟವಾಯಿತು. ಹನ್ನೆರಡರ ಹೊತ್ತಿಗೆ ಪದ್ಧತಿಯಂತೆ ಕರೆಂಟು ಹೋಯಿತು. ಅವನು ಎದ್ದು ಬಿದ್ದು ಜನರೇಟರಿನ ದಾರ ಎಳೆಯುವುದರಲ್ಲಿ ಕೆಂಪಣ್ಣ ಮೆಲ್ಲಗೆ ಸೊಂಟ ಬಗ್ಗಿಸಿ, ನೆಲ ಮುಟ್ಟುವಷ್ಟು ಬಾಗಿದ. ಮೂರನೆಯ ಎಳೆತಕ್ಕೆ ಜನರೇಟರು ಗುಡುಗಿತು, ಗೊಂಬೆ ಮತ್ತೆ ಎದ್ದು ನಿಂತಿತು. "ನೋಡ್ರವ್ವಾ, ಅಡ್ಡ ಬಿದ್ದು ಎದ್ದ," ಎಂದು ಆಚೆಯ ಹೆಂಗಸರು ಗಲ್ಲಕ್ಕೆ ಕೈ ಹಚ್ಚಿದರು. ಚಿಕ್ಕಸಿದ್ದಯ್ಯ ಬೆವರು ಒರೆಸಿಕೊಳ್ಳುತ್ತ ಬಂದ.

"ಇದು ಬಿದ್ದಂಗೋ, ಬೀಳ್ದಂಗೋ?"

"ನಮಸ್ಕಾರ ಮಾಡ್ದಂಗೆ ಕಣಣ್ಣ. ಓಗು, ನೀರು ಕುಡಿ," ಎಂದ ಹೊನ್ನಪ್ಪ.

ಮೂರು ಗಂಟೆಗೆ ಚಟ್ಟ ಎದ್ದಿತು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನು ಕಂಡ ಜೀವ. ಅಂಥವರನ್ನು ಅಳುತ್ತ ಕಳಿಸುವುದಿಲ್ಲ, ತಮಟೆ ಬಡಿದು, ಮುಂದೆ ಕುಣಿದು ಕಳಿಸುತ್ತಾರೆ. ತಮಟೆಯವರು ಇಬ್ಬರು ಬಂದಿದ್ದರು. ಹದವಾಗಿ ಬಡಿಯುತ್ತಿದ್ದರು. ಆದರೆ ಕುಣಿಯಲು ಯಾರೂ ಮುಂದೆ ಬರಲಿಲ್ಲ. ಚಿಕ್ಕಬೋರಮ್ಮನ ಓರಗೆಯವರು ಅವಳಿಗಿಂತ ಮೊದಲೇ ಹೋಗಿದ್ದರು, ನಡುವಯಸ್ಸಿನವರಿಗೆ ನಾಚಿಕೆ, ಹುಡುಗರೆಲ್ಲ ಫೋನು ಎತ್ತಿ ಹಿಡಿದು ಯಾರಾದರೂ ಕುಣಿದರೆ ವಿಡಿಯೋ ಮಾಡೋಣ ಎಂದು ಕಾಯುತ್ತಿದ್ದರು. ಎಲ್ಲರೂ ತೆಗೆಯುವವರೇ ಆದರೆ ಕುಣಿಯುವವರು ಯಾರು?

ಮೆರವಣಿಗೆ ಜಗಲಿ ಇಳಿದು ಉಮಳ ಅಂಗಡಿಯ ಎದುರಿಗೆ ಬಂದಾಗ, ಮುಂದೆ ಬೆಂಕಿಯ ಮಡಕೆ ಹಿಡಿದು ನಡೆಯುತ್ತಿದ್ದ ಸಿದ್ದರಾಜು ನಿಂತ. ಹಿಂದೆ ಚಟ್ಟವೂ ನಿಂತಿತು. ಹೊಸ ಅಂಗಡಿಯ ಬಾಗಿಲಲ್ಲಿ ಹೆಣ ನಿಂತದ್ದು ಕಂಡು ಚಿಕ್ಕಸಿದ್ದಯ್ಯನ ಮುಖದ ರಕ್ತ ಇಳಿದುಹೋಯಿತು. ಸಿದ್ದರಾಜು ಹೊನ್ನಪ್ಪನನ್ನು ನೋಡಿದ.

"ಅಣ್ಣ, ಬೆಳಗ್ಗಿಂದ ನಮ್ಮವ್ವಂಗೆ ಕೈ ಮುಗುದು ನಿಂತವ್ನೆ ಇವನು. ನಮ್ಮ ಜನ ಇಷ್ಟು ಜನ ಇದ್ರೂ ಕುಣಿಯೋನು ಒಬ್ಬನೂ ಇಲ್ಲ. ಅವನ ಕೈ ಬುಚ್ಚಣ್ಣ. ನಮ್ಮವ್ವ ಸಪ್ಪಗೆ ಓಗ್ಬಾರ್ದು."

ಹೊನ್ನಪ್ಪ ಕೂಡಲೇ ಕತ್ತರಿ ತೆಗೆಯಲಿಲ್ಲ. ಗೊಂಬೆ ತನ್ನದೇ, ನಿಂತಿದ್ದ ಬಾಗಿಲು ಮಾತ್ರ ಉಮಳದು. ಅವನು ಅವಳ ಕಡೆ ತಿರುಗಿದ.

"ಬ್ಯಾಡ ಕಣವ್ವ ಉಮಾ!" ಚಿಕ್ಕಸಿದ್ದಯ್ಯ ಹತ್ತಿರ ಬಂದು ಪಿಸುಗುಟ್ಟಿದ. "ಎಣದ ಮುಂದೆ ಕುಣಿದ ಗೊಂಬೆ ಇರೋ ಅಂಗ್ಡಿಗೆ ಯಾವ ನರಮನ್ಸ ಬತ್ತಾನೆ? ಬಾಗ್ಲು ತಗೆಯಕ್ಕೆ ಮುಂಚೆನೇ ಮುಚ್ಕಬೇಕಾಯ್ತದೆ."

ಉಮ ಮಾವನ ಮಾತನ್ನು ಪೂರ್ತಿ ಕೇಳಿದಳು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ, ಊರಿನ ಬಾಯಿ ಅವಳಿಗೂ ಗೊತ್ತಿತ್ತು. ಒಳಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಇನ್ನೂ ಒಂದು ಸುತ್ತೂ ತಿರುಗದ ಗಾಣದ ಕಡೆ ಒಮ್ಮೆ ನೋಡಿದಳು. ಆಮೇಲೆ ಚಟ್ಟದ ಮೇಲೆ ಹೂವಿನ ನಡುವೆ ಕಾಣುತ್ತಿದ್ದ ಆ ಪುಟ್ಟ ಮುಖ ನೋಡಿದಳು.

"ಬುಚ್ಚಿ ಅಣ್ಣ. ಕುಣೀಲಿ," ಎಂದಳು.

ಹೊನ್ನಪ್ಪ ಏಣಿ ಹತ್ತಿ ಮೊದಲು ನೆತ್ತಿಯ ಹೊಲಿಗೆ ಕತ್ತರಿಸಿದ, ಆಮೇಲೆ ಕೈಯದು. ಕಟ್ಟಿಟ್ಟ ಗಾಳಿ ಒಮ್ಮೆಗೇ ಹೊರಕ್ಕೆ ನುಗ್ಗಿತು. ಕೆಂಪಣ್ಣ ತಲೆ ಎತ್ತಿ, ಎರಡೂ ಕೈ ಮುಗಿಲಿಗೆ ಎಸೆದು, ಹಿಂದಕ್ಕೆ ಬಾಗಿ, ಮುಂದಕ್ಕೆ ಚಿಮ್ಮಿ, ಇಡೀ ದಿನದ್ದನ್ನು ಸೇರಿಸಿ ಕುಣಿದ. ತಮಟೆಯ ಮುದುಕ ಒಂದು ಗಳಿಗೆ ಬೆಪ್ಪಾಗಿ ನೋಡಿದವನು, "ಬಾರ್ಲಾ ಮಗನೆ!" ಎಂದು ಗೊಂಬೆಯ ಎದುರಿಗೇ ನಿಂತು ಏಟು ಬದಲಿಸಿದ. ಗೊಂಬೆ ತಮಟೆಗೆ ಕುಣಿಯಿತೋ, ತಮಟೆ ಗೊಂಬೆಗೆ ಬಡಿಯಿತೋ, ನೋಡಿದವರಿಗೆ ಗೊತ್ತಾಗಲಿಲ್ಲ. ಹುಣಸೂರಿನಿಂದ ಬಂದಿದ್ದ ಮಗಳು ಅಳುತ್ತಿದ್ದವಳು ನಕ್ಕಳು. ನಕ್ಕವಳು ಸೆರಗು ಸಿಕ್ಕಿಸಿ ಎರಡು ಹೆಜ್ಜೆ ಹಾಕಿದಳು. ಅವಳ ಹಿಂದೆ ಮೊಮ್ಮಕ್ಕಳು, ನೆರೆಯವರು ಇಳಿದರು. ಪಾರ್ವತಮ್ಮನೂ ಇಳಿದಳು, ಗಂಡ ಏಣಿಯ ಮೇಲಿಂದ ಬಾಯಿ ಬಿಟ್ಟುಕೊಂ‌ಡು ನೋಡಿದ. ಫೋನು ಹಿಡಿದಿದ್ದ ಹುಡುಗರು ಅವನ್ನು ಜೇಬಿಗೆ ಹಾಕಿಕೊಂಡರು. ಬೆಂಕಿಯ ಮಡಕೆ ಹಿಡಿದ ಸಿದ್ದರಾಜು ಕುಣಿಯುವ ಹಾಗಿರಲಿಲ್ಲ. ನಿಂತಲ್ಲೇ ಅವನ ಹೆಗಲು ಮಾತ್ರ ತಮಟೆಗೆ ಸರಿಯಾಗಿ ಅಲುಗುತ್ತಿತ್ತು, ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು.

ಮೆರವಣಿಗೆ ಕೆರೆಯ ದಾರಿ ಹಿಡಿದ ಮೇಲೆ ಬೀದಿ ಬಿಕೋ ಅಂದಿತು. ಉಮ ಬೀದಿಗೆ ನೀರು ಹಾಕಿ, ತಲೆಗೆ ಸ್ನಾನ ಮಾಡಿ, ಹೊಸದಾಗಿ ರಂಗೋಲಿ ಬಿಟ್ಟಳು. ಕರೆದಿದ್ದ ಇನ್ನೂರು ಜನರಲ್ಲಿ ಒಬ್ಬರೂ ಇರಲಿಲ್ಲ, ಎಲ್ಲರೂ ಮಣ್ಣಿಗೆ ಹೋಗಿದ್ದರು. ಗೋಧೂಳಿಯ ಹೊತ್ತಿಗೆ ದೋಷವಿಲ್ಲ ಎಂದು ಚಿಕ್ಕಸಿದ್ದಯ್ಯ ಯಾವುದೋ ಲೆಕ್ಕ ಹಾಕಿ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ ಹೇಳಿದ. ದೀಪ ಹಚ್ಚಿದರು. ರಾಮು ಮೋಟಾರಿನ ಸ್ವಿಚ್ಚು ಹಾಕಿದ. ಗಾಣ ಗರಗರ ತಿರುಗಿ, ಎಳ್ಳು ಕೆಂಪಗೆ ಎಣ್ಣೆ ಬಿಟ್ಟಿತು. ಅದರ ಘಮ ಬೀದಿಗೆಲ್ಲ ಹರಡಿತು, ಮೂಸಿ ನೋಡಲು ಮಾತ್ರ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಮಣ್ಣಿಗೆ ಹೋದವರು ಸ್ನಾನ ಮಾಡಿ, ಸತ್ತವರ ಮನೆಯ ದೀಪ ನೋಡಲು ಒಬ್ಬೊಬ್ಬರೇ ವಾಪಸು ಬರತೊಡಗಿದರು. ಅಂಗಡಿಯ ಮುಂದೆಯೇ ಹಾದು ಹೋದರು. ಒಳಗೆ ಇಣುಕಿದರು, ಗೊಂಬೆಯನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಮೆಟ್ಟಿಲು ಹತ್ತಲಿಲ್ಲ. ಉಮ ಎಣ್ಣೆಯ ಅಳತೆ ಪಾತ್ರೆಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದಳು. ನೋಡಲಾರದೆ ಪಾರ್ವತಮ್ಮ, "ನಂಗೊಂದು ಲೀಟರು ಕೊಡವ್ವ," ಎಂದಳು.

"ನೀವು ನಮ್ಮ ಮನೆಯೋರು ಕಣಕ್ಕ. ನೀವು ತಕಂಡ್ರೆ ಬೋಣಿ ಆಗಕಿಲ್ಲ," ಎಂದು ಉಮ ನಗಲು ನೋಡಿದಳು. ಆಗಲಿಲ್ಲ.

ದೀಪ ಹಚ್ಚಿದ ಮೇಲೆ ಗಾಳಿ ಇಳಿಸಿದ ಗೊಂಬೆಯ ಪಕ್ಕ ಹೊನ್ನಪ್ಪ ಕೂತು ಫ್ಯಾನಿನ ತಂತಿ ಸುತ್ತುವ ನೆಪ ಮಾಡುತ್ತಿದ್ದ. ಕೆ.ಆರ್. ಪೇಟೆಯಲ್ಲಿ ಬಿದ್ದ ಗೊಂಬೆಯ ಅಪವಾದ ಅವನನ್ನು ಇಷ್ಟು ನೋಯಿಸಿರಲಿಲ್ಲ. ಇವತ್ತು ಗೊಂಬೆ ಬೀಳಲಿಲ್ಲ, ಕೊಟ್ಟ ಮಾತು ನಡೆಯಿತು. ಆದರೂ ಒಂದು ಒಳ್ಳೆಯ ಹೆಣ್ಣುಮಗಳ ಬದುಕಿಗೆ ತನ್ನ ಗೊಂಬೆಯಿಂದಲೇ ಕಲ್ಲು ಬಿತ್ತು ಎಂದು ಅವನಿಗೆ ಅಳು ಬರುವಂತಾಯಿತು. ಹೆಂಡತಿಯ ಮುಖ ನೋಡಲೂ ಧೈರ್ಯ ಬರಲಿಲ್ಲ.

ಆಗ ಎದುರು ಮನೆಯ ಬಾಗಿಲಿನಿಂದ ಸಿದ್ದರಾಜು ಹೊರಗೆ ಬಂದ. ಒದ್ದೆ ತಲೆ, ಹೆಗಲ ಮೇಲೆ ಒದ್ದೆ ಟವೆಲು, ಕೈಯಲ್ಲಿ ಒಂದು ಹಿತ್ತಾಳೆ ಬಟ್ಟಲು. ಜಗಲಿ ಇಳಿದ. ದೀಪ ನೋಡಲು ಬಂದು ನಿಂತಿದ್ದ ಜನ ಸರಿದು ದಾರಿ ಬಿಟ್ಟಿತು. ಅವನು ರಸ್ತೆ ದಾಟಿ, ರಂಗೋಲಿ ತುಳಿಯದಂತೆ ಬದಿಗೆ ಬಂದು, ಅಂಗಡಿಯ ಮೆಟ್ಟಿಲು ಹತ್ತಿದ.

"ಉಮಾ."

ಮೂರು ವರ್ಷದ ಮೇಲೆ ಅವನ ಬಾಯಲ್ಲಿ ಅವಳ ಹೆಸರು. ಉಮ ಎದ್ದು ನಿಂತಳು.

"ಅವ್ವನ ದೀಪಕ್ಕೆ ಎಳ್ಳೆಣ್ಣೆ ಬೇಕು ಕಣವ್ವ. ಹನ್ನೊಂದು ದಿನ ಆರ್ದಂಗೆ ಉರೀಬೇಕು."

ಉಮ ಬಟ್ಟಲು ತೆಗೆದುಕೊಂಡು ಕಂಠದವರೆಗೆ ಎಣ್ಣೆ ತುಂಬಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಅವನು ಪಂಚೆಯ ಗಂಟಿನಿಂದ ಒದ್ದೆಯಾದ ಒಂದು ನೋಟು ಬಿಡಿಸಿ ಮುಂದೆ ಹಿಡಿದ.

"ಅಯ್ಯೋ ಬ್ಯಾಡಣ್ಣ. ಅಜ್ಜಿ ದೀಪಕ್ಕೆ ದುಡ್ಡು ಇಸ್ಕಳ್ಳಾ ನಾನು?"

"ತಕೋ. ಬೋಣಿ ಬಿಟ್ಟಿ ಆಗ್ಬಾರ್ದು. ಬಾಳೋ ಅಂಗ್ಡಿ," ಎಂದ ಸಿದ್ದರಾಜು, ಹೊರಗೆ ನಿಂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಉಮ ನೋಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಚಿಲ್ಲರೆಗೆಂದು ಗಲ್ಲಾಪೆಟ್ಟಿಗೆ ಎಳೆದರೆ ಅದು ಖಾಲಿ. ಅವಳು ಗಾಬರಿಯಿಂದ ಮಾವನ ಕಡೆ ನೋಡಿದಳು, ಮಾವ ಜೇಬು ತಡಕಾಡಿದ. ಅಷ್ಟರಲ್ಲಿ ಸಿದ್ದರಾಜು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದ.

"ಚಿಲ್ರೆ ಇರ್ಲಿ ಬುಡವ್ವ," ಎಂದ. "ನಾಳಿಕೂ ಬತ್ತೀನಲ್ಲ."